ಕೂದಲಿನ ಹೊಲಿಗೆ

ಅರುಂಧತಿಗೆ ಹುಟ್ಟಿನಿಂದ ಬಂದದ್ದು ಗುಂಗುರು ಕೂದಲು. ಹಣೆಯ ಮೇಲೆ ಚೆಂದಕ್ಕೆ ಸುರುಳಿಯಾಗಿ ಇಳಿಯುವಂಥದ್ದಲ್ಲ, ಬಾಚಣಿಗೆಯ ಹಲ್ಲು ಮುರಿಯುವಂಥದ್ದು. ಮೈಸೂರಿನಲ್ಲಿ ಶಾಲೆಗೆ ಹೊರಡುವ ಮುಂಚೆ ಅವಳಮ್ಮ ಎರಡು ಜಡೆ ಬಿಗಿದು ಮುಗಿಸುವಷ್ಟರಲ್ಲಿ ತಾಯಿ ಮಗಳಿಬ್ಬರ ಕಣ್ಣಲ್ಲೂ ನೀರು ಬಂದಿರುತ್ತಿತ್ತು. ಮದುವೆಯಾಗಿ ಸಂಪತ್‌ನ ಜೊತೆ ಸಿಂಗಾಪುರಕ್ಕೆ ಬಂದು ಚಾಂಗಿ ಬಿಸಿನೆಸ್ ಪಾರ್ಕ್‌ನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಕಷ್ಟ ಇನ್ನೂ ಹೆಚ್ಚಾಯಿತು. ಪಾಸಿರ್ ರಿಸ್‌ನ ಮನೆಯಲ್ಲಿ ಬಾಚಿ ಕಟ್ಟಿದ್ದು ಎಕ್ಸ್‌ಪೋ ಸ್ಟೇಷನ್ನಿನಲ್ಲಿ ಇಳಿಯುವಷ್ಟರಲ್ಲಿ ಸೆಕೆಗೆ ಉಬ್ಬಿ ಕೆದರಿ ನಿಂತಿರುತ್ತಿತ್ತು. ಹಾಗಾಗಿ ಮೊದಲ ಸಂಬಳ ಬಂದ ವಾರವೇ ಅವಳು ಸಲೂನಿಗೆ ಹೋಗಿ ಕೂದಲನ್ನು ನೆಟ್ಟಗೆ ಮಾಡಿಸಿಕೊಂಡಳು.

ಅದು ಒಂದು ಸಲಕ್ಕೆ ಮುಗಿಯುವ ಕೆಲಸವಲ್ಲ. ಬುಡದಲ್ಲಿ ಹೊಸ ಗುಂಗುರು ಬಂದಂತೆಲ್ಲ ಮತ್ತೆ ಕ್ರೀಮು ಹಚ್ಚಿಸಬೇಕು. ವರ್ಷಗಟ್ಟಲೆ ಹಚ್ಚಿಸಿದಳು. ಮಗಳು ಶ್ರೀಯಾ ಅಮ್ಮನ ಗುಂಗುರು ಕೂದಲನ್ನು ಮದುವೆಯ ಆಲ್ಬಮಿನಲ್ಲಷ್ಟೇ ನೋಡಿದ್ದಳು. ಇದನ್ನು ಒಪ್ಪದವರೆಂದರೆ ಅತ್ತೆ ಇಂದಿರಮ್ಮ ಒಬ್ಬರೇ. ಬೆಂಗಳೂರಿನಲ್ಲಿ ಯಾರದೋ ಗೃಹಪ್ರವೇಶಕ್ಕೆ ಹೋಗಿದ್ದಾಗ, ಊಟದ ಪಂಕ್ತಿಯಲ್ಲಿ, ಹತ್ತಾರು ಜನರ ಎದುರಿಗೆ ಅವರು ಅಂದಿದ್ದರು: "ಆ ವಿಷ ಹಚ್ಕೊಳ್ಳೋದು ಬಿಡೇ. ಒಂದಿನ ತಲೆ ಬೋಳಾಗುತ್ತೆ, ಆವಾಗ ನನ್ ಮಾತು ನೆನಪಾಗುತ್ತೆ." ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ಅರುಂಧತಿಯೂ ನಕ್ಕಳು. ಆದರೆ ಆ ಮಾತು ಅವಳ ಹೊಟ್ಟೆಯಲ್ಲೇ ಉಳಿಯಿತು.

ಎರಡು ಸಾವಿರದ ಹದಿನೈದರ ಆಗಸ್ಟಿನಲ್ಲಿ ಅವಳು ಹೋಗುತ್ತಿದ್ದ ಸಲೂನು ಮುಚ್ಚಿತು. ಅವಳು ಬೇರೊಂದನ್ನು ಹುಡುಕಿಕೊಂಡಳು. ಅಲ್ಲಿಯ ಹುಡುಗಿ ಕ್ರೀಮನ್ನು ಬುಡಕ್ಕಷ್ಟೇ ಹಚ್ಚದೆ ಹಳೆಯ ಕೂದಲಿಗೂ ಉದ್ದಕ್ಕೆ ಬಳಿದು, ಇನ್ನೊಬ್ಬರ ಕಡೆಗೆ ಹೋದವಳು ಬೇಗ ಬರಲೇ ಇಲ್ಲ. ನೆತ್ತಿ ಉರಿಯುತ್ತಿತ್ತು. ಉರಿದರೇನೇ ನೆಟ್ಟಗಾಗುವುದು ಎಂದು ಅರುಂಧತಿ ಹಲ್ಲು ಕಚ್ಚಿ ಕೂತಳು. ಮುಂದಿನ ವಾರ ಸ್ನಾನ ಮಾಡುವಾಗ ಕೂದಲು ಕೈಗೆ ಬಂತು. ಒಂದೆರಡು ಎಳೆಯಲ್ಲ, ಹಿಡಿ ಹಿಡಿಯಾಗಿ. ಆವಿ ಕಟ್ಟಿದ ಕನ್ನಡಿಯನ್ನು ಒರೆಸಿ ನೋಡಿಕೊಂಡಳು. ನೆತ್ತಿಯ ಸುತ್ತ ಕೂದಲು ಬುಡದ ಹತ್ತಿರವೇ ತುಂಡಾಗಿತ್ತು, ಅಲ್ಲಲ್ಲಿ ಚರ್ಮ ಕೆಂಪಗೆ ಕಾಣುತ್ತಿತ್ತು. ಅದೇ ದಿನ ಸಂಜೆ ಸಂಪತ್ ಖುಷಿಯಿಂದ ಬಂದು ಹೇಳಿದ: "ಅಮ್ಮಂಗೆ ಟಿಕೆಟ್ ಬುಕ್ ಮಾಡ್ದೆ. ದೀಪಾವಳಿಗೆ ಇಲ್ಲಿರ್ತಾರೆ."

ಅರುಂಧತಿ ಆಫೀಸಿಗೆ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಹೋಗತೊಡಗಿದಳು. ಹೊಸ ಕ್ರೀಮಿಗೆ ಧೂಳು ತಾಗಬಾರದಂತೆ ಎಂದು ಸಂಪತ್‌ಗೆ ನೆಪ ಹೇಳಿ ಮನೆಯಲ್ಲೂ ಅದನ್ನು ಬಿಚ್ಚಲಿಲ್ಲ. ಅದೇ ಮಹಡಿಯಲ್ಲಿ ಕೆಲಸ ಮಾಡುತ್ತಿದ್ದ ಘಾನಾ ದೇಶದ ಹೆಂಗಸೊಬ್ಬಳು ವಿಷಯ ಊಹಿಸಿ ಒಂದು ಫೋನ್ ನಂಬರ್ ಕೊಟ್ಟಳು. ತನ್ನ ದೇಶದವಳೇ, ಹೆಸರು ಅಬೆನಾ, ಬೂನ್ ಲೇಯಲ್ಲಿ ಅಂಗಡಿಗಳ ಮೇಲಿನ ಮಹಡಿಯಲ್ಲಿ ಅವಳದೊಂದು ಸಣ್ಣ ಸಲೂನು. ಉಳಿದ ಸ್ವಂತ ಕೂದಲನ್ನು ನೆತ್ತಿಗೆ ಅಂಟಿದ ಹಾಗೆ ಸಾಲು ಸಾಲಾಗಿ ಹೆಣೆದು, ಆ ಹೆಣಿಗೆಯ ಮೇಲೆ ಬೇರೆ ಕೂದಲಿನ ಪಟ್ಟಿಗಳನ್ನು ಸೂಜಿ ದಾರದಿಂದ ಹೊಲಿಯುತ್ತಾಳಂತೆ. ವೀವ್ ಎನ್ನುತ್ತಾರಂತೆ. ನಮ್ಮ ಚೌರಿ ಜಡೆಗೆ ಸೇರುತ್ತದೆ, ಇದು ತಲೆಗೇ ಸೇರುತ್ತದೆ, ಅಷ್ಟೇ ವ್ಯತ್ಯಾಸ ಎಂದುಕೊಂಡಳು ಅರುಂಧತಿ.

ಅಕ್ಟೋಬರಿನ ಒಂದು ಶನಿವಾರ, ಪಕ್ಕದ ದೇಶದ ಕಾಡ್ಗಿಚ್ಚಿನ ಹೊಗೆ ಊರೆಲ್ಲ ಮುಸುಕಿ ಕೂತಿದ್ದಾಗ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಅವಳು ದ್ವೀಪದ ಈ ತುದಿಯಿಂದ ಆ ತುದಿಗೆ ರೈಲಿನಲ್ಲಿ ಹೋದಳು. ಅಬೆನಾ ದಪ್ಪ ಕನ್ನಡಕದ, ಮಾತು ಕಡಿಮೆಯ ಹೆಂಗಸು. ಸ್ಕಾರ್ಫ್ ಬಿಚ್ಚಿಸಿ ಬೆಳಕಿನ ಕೆಳಗೆ ತಲೆಯನ್ನು ಅತ್ತಿತ್ತ ಹೊರಳಿಸಿ ನೋಡಿದವಳು ಇಂಗ್ಲಿಷಿನಲ್ಲಿ ಹೇಳಿದಳು: "ಇದು ಈಗ ಹೊಲಿಗೆ ತಾಳುವ ತಲೆಯಲ್ಲ. ಕ್ರೀಮಿನಿಂದ ಸುಟ್ಟಿದೆ. ಎರಡು ತಿಂಗಳು ಏನೂ ಮಾಡಬೇಡ, ಆಮೇಲೆ ಬಾ."

"ಅಷ್ಟು ಕಾಯೋಕೆ ಆಗಲ್ಲ," ಎಂದಳು ಅರುಂಧತಿ.

"ಡಾಕ್ಟರಿಗೆ ತೋರಿಸಿದ್ದೀಯಾ?"

"ತೋರಿಸಿದ್ದೀನಿ. ವಾಸಿಯಾಗಿದೆ, ಏನು ಬೇಕಾದರೂ ಮಾಡಿಸಬಹುದು ಅಂದರು."

ಅವಳು ಯಾವ ಡಾಕ್ಟರಿಗೂ ತೋರಿಸಿರಲಿಲ್ಲ. ಅಬೆನಾ ಇನ್ನೊಮ್ಮೆ ಬೆರಳಿನಿಂದ ನೆತ್ತಿ ಮುಟ್ಟಿ ನೋಡಿದಳು. ಕೊನೆಗೆ ಒಪ್ಪಿ, ಹೆಣಿಗೆಯ ಮೇಲೆ ತೆಳುವಾದ ಬಲೆ ಹಾಕಿ, ದಾರದ ಎಳೆತ ಬಲೆಯ ಮೇಲೆ ಬೀಳುವಂತೆ ಬಾಗಿದ ಸೂಜಿಯಿಂದ ಪಟ್ಟಿ ಪಟ್ಟಿಯಾಗಿ ಹೊಲಿದಳು. ಮಧ್ಯಾಹ್ನವೆಲ್ಲ ಹಿಡಿಯಿತು. ಹೊರಡುವಾಗ ಬಾಗಿಲವರೆಗೂ ಬಂದು ಎಚ್ಚರಿಸಿದಳು: "ತಲೆ ತೊಳೆದರೆ ಬುಡ ಪೂರ್ತಿ ಒಣಗಬೇಕು. ಎರಡು ವಾರಕ್ಕೆ ಬಂದು ತೋರಿಸು. ನೋವು ಬಂದರೆ ಅದಕ್ಕೂ ಮುಂಚೆ ಬಾ."

ಕೆಳಗಿನ ಅಂಗಡಿಯ ಗಾಜಿನಲ್ಲಿ ತನ್ನನ್ನು ಕಂಡು ಅರುಂಧತಿ ನಡೆಯುವುದನ್ನು ಬಿಟ್ಟು ಅಲ್ಲೇ ನಿಂತಳು. ಬೆನ್ನಿನವರೆಗೆ ಇಳಿದ ಕಪ್ಪು, ನುಣುಪಾದ, ದಟ್ಟ ಕೂದಲು. ಮನೆಯಲ್ಲಿ ಸಂಪತ್ ಕಣ್ಣರಳಿಸಿದ. "ಎಕ್ಸ್‌ಟೆನ್ಷನ್ ಹಾಕಿಸ್ದೆ, ಈಗೆಲ್ಲ ಕಾಮನ್," ಎಂದಳು. ಕ್ಲಿಪ್ಪಿನಲ್ಲಿ ಸಿಕ್ಕಿಸಿದ್ದಿರಬೇಕೆಂದುಕೊಂಡು ಅವನು ಹೆಚ್ಚೇನೂ ಕೇಳಲಿಲ್ಲ.

ಮೊದಲ ವಾರ ಸುಖವಾಗಿ ಕಳೆಯಿತು. ಆಮೇಲೆ ಬಲಗಿವಿಯ ಮೇಲೆ ಸೆಳೆತ ಶುರುವಾಯಿತು. ಆ ಕಡೆಗೆ ತಲೆ ಇಟ್ಟು ಮಲಗಲು ಆಗುತ್ತಿರಲಿಲ್ಲ. ನವೆ ಬಂದರೆ ಕೆರೆಯುವಂತಿಲ್ಲ, ಅಂಗೈಯಿಂದ ತಟ್ಟಿಕೊಳ್ಳಬೇಕು. ಬೆಳಿಗ್ಗೆ ತಲೆ ತೊಳೆದು ಒದ್ದೆಯಲ್ಲೇ ಗಂಟು ಹಾಕಿಕೊಂಡು ಆಫೀಸಿಗೆ ಓಡಿದ ದಿನಗಳೂ ಇದ್ದವು. ಸ್ವಲ್ಪ ದಿನಕ್ಕೆ ದಿಂಬಿನ ಹತ್ತಿರ ಏನೋ ಹುಳಿ ವಾಸನೆ. ಅವಳು ದಿಂಬಿನ ಕವರ್ ಬದಲಿಸಿದಳು, ತಲೆಗೆ ಸೆಂಟು ಚಿಮುಕಿಸಿಕೊಂಡಳು. ಅಬೆನಾ ಎರಡು ಸಲ ಫೋನ್ ಮಾಡಿದಳು. ಅರುಂಧತಿ ಎತ್ತಲಿಲ್ಲ. ತೋರಿಸಿದರೆ ಬಿಚ್ಚು ಎನ್ನುತ್ತಾಳೆ, ಅತ್ತೆ ವಾಪಸ್ ಹೋಗುವ ತನಕ ಹೇಗಾದರೂ ತಳ್ಳಿದರೆ ಸಾಕು ಎಂಬುದೊಂದೇ ಅವಳ ಲೆಕ್ಕಾಚಾರವಾಗಿತ್ತು.

ಇಂದಿರಮ್ಮ ಬಂದರು. ಹಿಂದಿನ ವರ್ಷ ಗಂಡನನ್ನು ಕಳೆದುಕೊಂಡ ಮೇಲೆ ಅವರ ಮೊದಲ ಪ್ರಯಾಣ ಇದು. ಏರ್‌ಪೋರ್ಟಿನಲ್ಲಿ ಮೊಮ್ಮಗಳನ್ನು ಅಪ್ಪಿಕೊಂಡು, ಸೊಸೆಯನ್ನು ಮೇಲಿನಿಂದ ಕೆಳಗೆ ನೋಡಿ, "ಪರವಾಗಿಲ್ವೇ, ಕೂದಲು ಚೆನ್ನಾಗಿ ಉಳಿಸ್ಕೊಂಡಿದ್ದೀಯ," ಎಂದರು. ಅಷ್ಟು ನೋವಿನಲ್ಲೂ ಅರುಂಧತಿಗೆ ಗೆದ್ದ ಹಾಗೆನಿಸಿತು.

ಆದರೆ ದಿನಗಳನ್ನು ತಳ್ಳುವುದು ಸುಲಭವಾಗಿರಲಿಲ್ಲ. ಅತ್ತೆ ಬಾಚಣಿಗೆ ಹಿಡಿದು, "ಬಾರೇ, ಜಡೆ ಹಾಕ್ತೀನಿ," ಎಂದರೆ, "ಆಫೀಸಿಗೆ ಲೇಟಾಯ್ತು ಅತ್ತೆ," ಎಂದು ಜಾರಿಕೊಳ್ಳಬೇಕು. ಮಲ್ಲಿಗೆ ಮುಡಿಸಲು ಬಂದರೆ ತಾನೇ ಕೈಗೆ ಇಸಿದುಕೊಳ್ಳಬೇಕು. ಊಟವಾದ ಮೇಲೆ ತಲೆನೋವಿನ ಮಾತ್ರೆ ನುಂಗುವಾಗ ಅತ್ತೆ ತನ್ನನ್ನೇ ನೋಡುತ್ತಾರೆಂಬುದು ಅವಳಿಗೆ ಗೊತ್ತಾಗುತ್ತಿತ್ತು. "ದಿನಾ ಯಾಕೆ ತಲೆನೋವು?" ಎಂದು ಅವರು ಒಂದು ಸಲ ಕೇಳಿದರು. "ಕಂಪ್ಯೂಟರ್ ನೋಡಿ ನೋಡಿ," ಎಂದಳು.

ನರಕ ಚತುರ್ದಶಿಯ ಬೆಳಿಗ್ಗೆ ಅವಳು ಎದ್ದಾಗ ಮೈ ಬಿಸಿಯಾಗಿತ್ತು. ಅಡುಗೆಮನೆಯಿಂದ ಕಾದ ಎಣ್ಣೆಯ ವಾಸನೆ ಬರುತ್ತಿತ್ತು. ನಡುಮನೆಯಲ್ಲಿ ಮಣೆ ಹಾಕಿ, ರಂಗೋಲಿ ಎಳೆದು, ಇಂದಿರಮ್ಮ ಆಗಲೇ ಮಗನಿಗೂ ಮೊಮ್ಮಗಳಿಗೂ ಎಣ್ಣೆ ಹಚ್ಚಿ ಆರತಿ ಮಾಡಿದ್ದರು.

"ಬಾ ಅರುಂಧತಿ, ನಿಂದೊಂದೇ ಬಾಕಿ."

"ಶಾಸ್ತ್ರಕ್ಕೆ ಒಂದು ತೊಟ್ಟು ಮುಟ್ಟಿಸಿ ಸಾಕು ಅತ್ತೆ. ನಿನ್ನೆ ತಾನೇ ತಲೆಗೆ ಹಾಕ್ಕೊಂಡಿದೀನಿ."

"ಹಬ್ಬದ ದಿನ ಹಾಗನ್ನಬಾರ್ದು. ಕೂತ್ಕೋ."

ಕೂರದೆ ವಿಧಿಯಿರಲಿಲ್ಲ. ಅರುಂಧತಿ ಮಣೆಯ ಮೇಲೆ ಕೂತು ಕುತ್ತಿಗೆ ಬಿಗಿ ಹಿಡಿದಳು. ಅತ್ತೆ ಮೊದಲು ನೆತ್ತಿಗೆ ಒಂದು ತೊಟ್ಟು ಒತ್ತಿದರು. ಅಲ್ಲಿಗೆ ನಿಲ್ಲಿಸುತ್ತಾರೆ ಎಂದುಕೊಂಡಳು. ನಿಲ್ಲಿಸಲಿಲ್ಲ. ಅಂಗೈ ತುಂಬ ಎಣ್ಣೆ ಸುರಿದುಕೊಂಡು, ಎರಡೂ ಕೈಯ ಬೆರಳುಗಳನ್ನು ಕೂದಲಿನ ಒಳಗೆ ಇಳಿಸಿದರು. ಬಲಗಿವಿಯ ಮೇಲೆ ಬೆರಳು ತಾಗಿದ್ದೇ ಅರುಂಧತಿ ನೋವಿಗೆ ಚೀರಿದಳು. ಬೆರಳುಗಳು ಅಲ್ಲೇ ನಿಂತವು. ಆಮೇಲೆ ನಿಧಾನವಾಗಿ, ಕುರುಡರು ತಡವುವಂತೆ, ಒಂದು ಸಾಲಿನ ಉದ್ದಕ್ಕೂ ಸರಿದವು.

"ಹೊಲಿಗೆ," ಎಂದರು ಇಂದಿರಮ್ಮ. ಮರುಕ್ಷಣ ಎಣ್ಣೆಯ ಬಟ್ಟಲು ಕೆಳಗೆ ಬಿತ್ತು. "ಸಂಪತ್! ಇವಳ ತಲೆಗೆ ಏನ್ ಆಪರೇಷನ್ ಮಾಡ್ಸಿದ್ರೋ? ನಂಗ್ಯಾಕೋ ಹೇಳ್ಲಿಲ್ಲ?"

ಒದ್ದೆ ತಲೆಯಲ್ಲೇ ಸಂಪತ್ ಓಡಿ ಬಂದ. ಇಂದಿರಮ್ಮ ಗೋಡೆಗೆ ಒರಗಿ ನಿಂತಿದ್ದರು. "ನಿಮ್ಮಪ್ಪಂಗೂ ಹೀಗೇ ಆಗಿದ್ದು. ಮೊದಲು ತಲೆನೋವು, ಮಾತ್ರೆ. ಆಮೇಲೆ ತಲೆ ತುಂಬ ಹೊಲಿಗೆ. ಮುಚ್ಚಿಡ್ತೀರೇನೋ ನನ್ನಿಂದ? ಈ ಮಗೂಗೆ ಯಾರೋ ದಿಕ್ಕು?"

"ಅಮ್ಮ, ನಿಂಗೆ ಆಪರೇಷನ್ ಆಯ್ತಾ? ಡೋಂಟ್ ಜೋಕ್ ಲಾ!" ಶ್ರೀಯಾ ಶಾಲೆಯಲ್ಲಿ ಕಲಿತ ಸಿಂಗಾಪುರದ ಇಂಗ್ಲಿಷ್ ಬೆರೆಸಿ ಕೂಗಿ ಅಳಲು ಶುರು ಮಾಡಿದಳು.

ಸಂಪತ್ ಹೆಂಡತಿಯ ಮುಖ ನೋಡಿದ. ಅವನ ಮುಖವೂ ಬಿಳಿಚಿತ್ತು. ಅವನೂ ನಂಬಿಬಿಟ್ಟಿದ್ದಾನೆ ಎಂಬುದು ಅರುಂಧತಿಗೆ ಆಗ ಹೊಳೆಯಿತು. ಹಣೆಯ ಮೇಲಿನಿಂದ ಎಣ್ಣೆ ಕಣ್ಣಿಗಿಳಿಯುತ್ತಿತ್ತು.

"ಆಪರೇಷನ್ ಅಲ್ಲ ಅತ್ತೆ," ಎಂದಳು. "ಕೂದಲು. ನನ್ ಕೂದಲೆಲ್ಲ ಉದುರೋಯ್ತು. ಇದು ಬೇರೆಯವರ ಕೂದಲು, ಹೊಲಿಸ್ಕೊಂಡಿದೀನಿ."

ಸಂಪತ್ ಫೋನಿನ ಟಾರ್ಚ್ ಹಾಕಿ ಕಿವಿಯ ಮೇಲಿನ ಕೂದಲನ್ನು ಬಿಡಿಸಿ ನೋಡಿದ, ತಕ್ಷಣ ಮುಖ ತಿರುಗಿಸಿದ. "ಕೀವಾಗಿದೆ," ಎಂದ. "ಎಷ್ಟು ದಿನದಿಂದ ಹೀಗಿದೆ ಅರು?" ಅವನು ಅಡುಗೆಮನೆಯಿಂದ ಕತ್ತರಿ ತಂದ. ಅರುಂಧತಿ ಅವನ ಕೈ ಹಿಡಿದು ತಡೆದು, ಅಷ್ಟು ದಿನ ಎತ್ತದೆ ಬಿಟ್ಟಿದ್ದ ನಂಬರಿಗೆ ತಾನೇ ಫೋನ್ ಮಾಡಿದಳು.

ಅಬೆನಾ ಪೂರ್ತಿ ಕೇಳಿಸಿಕೊಂಡು ಹೇಳಿದಳು: "ಯಾರೂ ಕತ್ತರಿ ಹಾಕಬೇಡಿ. ದಾರವೂ ಕಪ್ಪು, ನಿನ್ನ ಕೂದಲೂ ಕಪ್ಪು. ಉಳಿದದ್ದನ್ನೂ ಕತ್ತರಿಸಿಬಿಡುತ್ತೀರಿ. ಈಗಲೇ ಹೊರಟು ಬನ್ನಿ."

ಇಂದಿರಮ್ಮ ತಾವೂ ಬರುತ್ತೇನೆಂದು ಹಟ ಹಿಡಿದರು. ಟ್ಯಾಕ್ಸಿಯಲ್ಲಿ ನಾಲ್ವರೂ ಕೂತರು. ರಜೆಯ ದಿನ, ಹೆದ್ದಾರಿ ಖಾಲಿ. ಆದರೂ ಬೂನ್ ಲೇ ಬರುವುದೇ ಇಲ್ಲವೇನೋ ಅನಿಸಿತು. ಅತ್ತೆ ದಾರಿಯುದ್ದಕ್ಕೂ ಕಿಟಕಿಯ ಕಡೆಗೆ ಮುಖ ಮಾಡಿ ಕೂತಿದ್ದರು.

ಅಬೆನಾಳ ಮುಖದಲ್ಲಿ ಸಿಟ್ಟು ಕಾಣುತ್ತಿತ್ತು. "ಡಾಕ್ಟರಿಗೆ ತೋರಿಸಿದೆ ಎಂದಿದ್ದೆಯಲ್ಲ?" ಎಂದಳು. ಅರುಂಧತಿ ಹೋಗಿ ಕುರ್ಚಿಯಲ್ಲಿ ಕೂತಳು. "ನನ್ನದೂ ತಪ್ಪಿದೆ. ಆ ದಿನ ನಿನ್ನನ್ನು ನಂಬಬಾರದಿತ್ತು," ಎಂದು ಅಬೆನಾ ಪುಟ್ಟ ಕತ್ತರಿ ಎತ್ತಿಕೊಂಡಳು.

ದಾರದ ಒಂದೊಂದು ಕುಣಿಕೆಯನ್ನೂ ಎತ್ತಿ, ಬೆಳಕಿಗೆ ಹಿಡಿದು, ಕೂದಲಲ್ಲ ಎಂದು ಖಾತ್ರಿಯಾದ ಮೇಲೆ ಕತ್ತರಿಸುತ್ತ ಹೋದಳು. ಉದ್ದ ಕೂದಲಿನ ಪಟ್ಟಿಗಳು ಒಂದೊಂದಾಗಿ ಟವೆಲಿನ ಮೇಲೆ ಬಿದ್ದವು. ಬಲಗಿವಿಯ ಮೇಲೆ ಬಲೆ ಒಣಗಿದ ಕೀವಿಗೆ ಅಂಟಿಕೊಂಡಿತ್ತು. ಬಿಸಿನೀರಿನ ಬಟ್ಟೆಯಿಟ್ಟು ನೆನೆಸಿ ನೆನೆಸಿ ಬಿಡಿಸಬೇಕಾಯಿತು. ಎಳೆದಾಗಲೆಲ್ಲ ಅರುಂಧತಿ ಕುರ್ಚಿಯ ಹಿಡಿಯನ್ನು ಅಮುಕುತ್ತಿದ್ದಳು. ಮೂಲೆಯಲ್ಲಿ ಕೂತಿದ್ದ ಇಂದಿರಮ್ಮ ಎದ್ದು ಬಂದರು. ಸೊಸೆಯ ಬೆರಳುಗಳನ್ನು ಹಿಡಿಯಿಂದ ಬಿಡಿಸಿ ತಮ್ಮ ಕೈಯೊಳಗೆ ಇಟ್ಟುಕೊಂಡರು. ಆದರೆ ಅವಳ ಮುಖ ನೋಡಲಿಲ್ಲ.

ಹೆಣಿಗೆಯನ್ನೂ ಬಿಚ್ಚಿದ ಮೇಲೆ ಅಲ್ಲಿಂದ ಸೀದಾ ಕ್ಲಿನಿಕ್ಕಿಗೆ ಹೋದರು. ಗಾಯಕ್ಕೆ ಮದ್ದು ತಾಗಲೆಂದು ಉಳಿದ ಕೂದಲನ್ನೂ ಬುಡದವರೆಗೆ ಕತ್ತರಿಸಿ, ಗಾಯ ತೊಳೆದು, ಡಾಕ್ಟರು ಮಾತ್ರೆ ಬರೆದರು. ಕಿವಿಯ ಮೇಲೆ ಒಂದು ಕಡೆ ಮತ್ತೆ ಕೂದಲು ಬರಲಿಕ್ಕಿಲ್ಲ, ಬೇರೆಡೆ ಬರಬಹುದು ಎಂದರು.

ಎರಡು ದಿನ ಇಂದಿರಮ್ಮ ಸೊಸೆಯ ಜೊತೆ ಮಾತಾಡಲಿಲ್ಲ. ಹೊತ್ತು ಹೊತ್ತಿಗೆ ಗಂಜಿ ತಂದಿಟ್ಟರು, ಮಾತ್ರೆ ತಂದಿಟ್ಟರು, ಹೋದರು. ಮೂರನೆಯ ದಿನ ಮಧ್ಯಾಹ್ನ ಹಾಸಿಗೆಯ ಅಂಚಿಗೆ ಬಂದು ಕೂತರು.

"ಕೂದಲಿನ ವಿಷಯಕ್ಕೆ ನಂಗೆ ಕೋಪ ಇಲ್ಲ ಕಣೇ. ಬೆರಳಿಗೆ ಆ ಹೊಲಿಗೆ ತಾಗಿದಾಗ ನಂಗೇನಾಯ್ತು ಅಂತ ನಿಂಗೆ ಗೊತ್ತಿಲ್ಲ. ಆಸ್ಪತ್ರೇಲಿ ಅವರ ತಲೆ ಸವರಿದ್ದು ಇದೇ ಬೆರಳಲ್ಲಿ."

"ತಪ್ಪಾಯ್ತು ಅತ್ತೆ." ಅರುಂಧತಿ ಅತ್ತಳು. ಅತ್ತು ಮುಗಿದ ಮೇಲೆ, ಹೇಳಬಾರದು ಎಂದುಕೊಂಡಿದ್ದನ್ನೂ ಹೇಳಿಬಿಟ್ಟಳು. "ಒಂದಿನ ತಲೆ ಬೋಳಾಗುತ್ತೆ ಅಂದಿದ್ರಲ್ಲ ನೀವು, ಗೃಹಪ್ರವೇಶದಲ್ಲಿ, ಎಲ್ರೆದುರಿಗೆ. ಅದೇ ಆಯ್ತು. ನಿಮಗೆ ಹೇಗೆ ತೋರಿಸ್ಲಿ?"

ಇಂದಿರಮ್ಮ ಹುಬ್ಬು ಗಂಟಿಕ್ಕಿದರು. "ನಾನಾ? ಯಾರ ಗೃಹಪ್ರವೇಶ?"

ಅವರಿಗೆ ಅದರ ನೆನಪೇ ಇರಲಿಲ್ಲ. ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. "ಅಂದಿದ್ರೆ ಕೆಟ್ಟ ಮಾತು ಅದು," ಎಂದು ಎದ್ದು ಕಾಫಿ ಮಾಡಲು ಹೋದರು. ಒಳಗೆ ಪಾತ್ರೆಗಳ ಸದ್ದು ಬಹಳ ಹೊತ್ತು ಕೇಳಿಸಲಿಲ್ಲ.

ಅರುಂಧತಿ ರಜೆ ಮುಗಿಸಿ ಗಿಡ್ಡ ಕೂದಲಿನಲ್ಲೇ ಆಫೀಸಿಗೆ ಹೋದಳು. ಮೊದಲ ದಿನ ಲಿಫ್ಟಿನಲ್ಲಿ ಗೋಡೆಯ ಕಡೆಗೆ ತಿರುಗಿ ನಿಂತಳು, ಆಮೇಲೆ ರೂಢಿಯಾಯಿತು. ಕ್ರೀಮನ್ನು ಮತ್ತೆ ಮುಟ್ಟಲಿಲ್ಲ. ಬಂದದ್ದು ಅದೇ ಗುಂಗುರು ಕೂದಲು. ಕಿವಿಯ ಮೇಲಿನ ಒಂದು ತುಣುಕು ಮಾತ್ರ ಬರಲೇ ಇಲ್ಲ. ಒಂದೂವರೆ ವರ್ಷ ಕಳೆದು ತಲೆ ಗಟ್ಟಿಯಾದ ಮೇಲೆ, ಸ್ನೇಹಿತರೊಬ್ಬರ ಮಗಳ ರಿಸೆಪ್ಷನ್ನಿಗೆಂದು ಅವಳು ಮತ್ತೆ ಅಬೆನಾಳ ಹತ್ತಿರ ಹೋಗಿ ಕೂದಲು ಹೊಲಿಸಿಕೊಂಡಳು. ಈ ಸಲ ಸಂಪತ್ ಜೊತೆಗೆ ಬಂದಿದ್ದ. ಆ ಭಾನುವಾರ ಬೆಂಗಳೂರಿನಿಂದ ಇಂದಿರಮ್ಮ ವೀಡಿಯೊ ಕಾಲ್ ಮಾಡಿದರು. ಸೊಸೆಯನ್ನು ನೋಡಿ, ಫೋನನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡರು.

"ಇದು ನಿಂದೋ, ಹೊಲ್ಸಿದ್ದೋ?"

"ಹೊಲ್ಸಿದ್ದು ಅತ್ತೆ."

"ಚೆನ್ನಾಗಿದೆ," ಎಂದರು ಇಂದಿರಮ್ಮ. "ಊಟ ಆಯ್ತಾ?"