ಸಿದ್ದೂ, ನಿನ್ನ ಬ್ಯಾಟರಿ ತಂದಿದ್ದೇನೆ

ನಂಬಲಿಲ್ಲ ನಾನು...
ಸುದ್ದಿ ಹೇಳಿದವನಿಗೇ ಬೈದೆ. "ಹುಚ್ಚ ಇದ್ದೀ ಏನ್ಲೇ, ನಿನ್ನಿನ ನನಗ ಮೆಸೇಜ್ ಹಾಕ್ಯಾನ!"
ಆಮೇಲೆ ಸಿದ್ದೂನ ನಂಬರಿಗೇ ಫೋನ್ ಹಚ್ಚಿದೆ.
ಅವನ ತಮ್ಮ ಎತ್ತಿದ. ಅಳತೊಡಗಿದ...

ನನ್ನ ಕಾಲೇಜ್ ದೋಸ್ತ, ತಡವಳದ ಸಿದ್ಧಾರಾಮ ಇನ್ನಿಲ್ಲ.
ಬೆಳಗ್ಗೆ ಹೊಲದಲ್ಲೇ ಎದೆ ಹಿಡಿದುಕೊಂಡು ಕೂತನಂತೆ.
ಅಕ್ಕಲಕೋಟೆಯ ದವಾಖಾನೆ ಮುಟ್ಟಲಿಲ್ಲ.

ಈ ಗ್ರೂಪಿನಲ್ಲಿ ನಾನು ಬರೆಯುವುದೆಲ್ಲ ಮರಾಠಿಯಲ್ಲಿ. ಇವತ್ತು ಕನ್ನಡ. ಅವನ ಜೊತೆ ನಾನು ಬೇರೆ ಭಾಷೆ ಆಡಿದವನೇ ಅಲ್ಲ. ಓದಲು ಬಾರದವರು ಮನೆಯಲ್ಲಿ ಹಿರಿಯರಿದ್ದರೆ ಓದಿಸಿಕೊಳ್ಳಿ...

ನಿಮಗೆ ಅವನು ಗೊತ್ತು.
ನನ್ನ ಮಗಳ ಮದುವೆಯಲ್ಲಿ, ಬಣ್ಣ ಹಾರಿದ ಹಳೇ ಪುಟ್ಟ ಡಿಜಿಟಲ್ ಕ್ಯಾಮೆರಾ ಹಿಡಿದುಕೊಂಡು ತಿರುಗುತ್ತಿದ್ದನಲ್ಲ... ಅವನೇ.
ನಾವು ಕರೆಸಿದ ಫೋಟೋಗ್ರಾಫರ್ ಮಂಟಪದ ಮೇಲೆ ಡ್ರೋನ್ ಹಾರಿಸುತ್ತಿದ್ದ.
ಇವನು ಹಿಂದೆ ಹೋಗಿ ರೊಟ್ಟಿ ಬಡಿಯುವ ಹೆಂಗಸರ ಫೋಟೋ ತೆಗೆಯುತ್ತಿದ್ದ.

ರವಿವಾರ ಬಂತೆಂದರೆ ಬೈಕ್ ಹತ್ತಿ ದುಧನಿ ಸ್ಟೇಷನ್ನು.
ರೈಲು ಕಾಯುತ್ತ ಕೂತವರ ಫೋಟೋ. ಗಂಟಿನ ಮೇಲೆ ತಲೆಯಿಟ್ಟು ಮಲಗಿದವರ ಫೋಟೋ.
ಊರಿನವರದ್ದಾದರೆ ಪ್ರಿಂಟ್ ಹಾಕಿಸಿ ಮನೆಗೇ ಹೋಗಿ ಕೊಡುತ್ತಿದ್ದ.

ನಾನು ಚೇಷ್ಟೆ ಮಾಡುತ್ತಿದ್ದೆ... "ಫೋನ್‌ದಾಗ ಇದಕ್ಕಿಂತ ಭಾರಿ ಕ್ಯಾಮೆರಾ ಐತಲ್ಲೋ!"
"ಫೋನ್‌ದಾಗ ಎಲ್ಲಾರೂ ಚಂದ ಕಾಣ್ತಾರ. ಇದರಾಗ ಇದ್ದಂಗ ಕಾಣ್ತಾರ. ನೀ ಫೋನ್‌ದಾಗ ತಗಸ್ಕೋ" ಎನ್ನುತ್ತಿದ್ದ.

ಬೇಸಿಗೆಯಲ್ಲಿ ಅದರ ಬ್ಯಾಟರಿ ಉಬ್ಬಿತು.
ಕರವಸ್ತ್ರದಲ್ಲಿ ಸುತ್ತಿಕೊಂಡು ಸೊಲ್ಲಾಪುರಕ್ಕೆ, ನನ್ನ ಚಾದರಿನ ಅಂಗಡಿಗೆ ಬಂದ.
ಬ್ಯಾಟರಿ ಮಾರುವ ದುಕಾನು ನನ್ನ ಹಿಂದಿನ ಗಲ್ಲಿಯಲ್ಲೇ. ಅವತ್ತು ಅದು ಬಂದ್ ಇತ್ತು.
"ಇದರ ಮ್ಯಾಲಿನ ನಂಬರ್ ನೋಡಿ ಒಂದ್ ತಗೊಂಡಿಡೋ" ಎಂದು ನನ್ನ ಕೈಗೆ ಕೊಟ್ಟು ಬಸ್ಸಿಗೆ ಓಡಿದ.

ನಾನು ಅದನ್ನು ಗಲ್ಲಾಪೆಟ್ಟಿಗೆಯ ಕೆಳಗಿನ ಖಾನೆಯಲ್ಲಿ ಹಾಕಿದೆ...
ಅಲ್ಲೇ ಉಳಿಯಿತು.

ಸಿದ್ದೂ...
ನೀನು ಫೋನ್ ಮಾಡಿದಾಗೆಲ್ಲ "ನಾಳಿ ಪಕ್ಕಾ" ಅಂದೆನಲ್ಲೋ.
ಸೀಸನ್ ಅಂದೆ. ಗಿರಾಕಿ ಇದ್ದಾರೆ ಅಂದೆ. ಆ ದುಕಾನಿನ ಮುಂದೆ ದಿನಾ ಚಹಾ ಕುಡಿಯುತ್ತಿದ್ದೆ, ಅದನ್ನು ಮಾತ್ರ ಹೇಳಲಿಲ್ಲ.
ನಿನ್ನೆ ನೀನು ಹಾಕಿದ ಮೆಸೇಜ್ ಒಂದೇ ಶಬ್ದ... "ಬ್ಯಾಟ್ರಿ?"
ಉತ್ತರ ಬರೆಯಲೂ ಬೇಸರ ಪಟ್ಟು ಒಂದು ಹೆಬ್ಬೆರಳಿನ ಚಿತ್ರ ಒತ್ತಿ ಬಿಟ್ಟೆ.

ನಾಳೆ ಎಂದವನ ಮನೆ ಹಾಳು ಅಂತಾರೆ.
ಸುಳ್ಳು. ನಾಳೆ ಎಂದವನು ನಾನು... ಹಾಳಾದದ್ದು ನಿನ್ನ ಮನೆ.
ಬ್ಯಾಟರಿ ತಂದಿದ್ದರೆ ನೀನು ಉಳಿಯುತ್ತಿದ್ದೆ ಅಂತಲ್ಲ. ಅಷ್ಟು ಬುದ್ಧಿ ನನಗಿದೆ. ಆದರೂ...

ಇವತ್ತು ನಿನ್ನ ತಮ್ಮನ ಫೋನ್ ಇಟ್ಟವನೇ ಆ ಖಾನೆ ತೆಗೆದೆ. ಯಾಕೋ ಗೊತ್ತಿಲ್ಲ.
ಹಿಂದಿನ ಗಲ್ಲಿಗೆ ಹೋದೆ. ದುಕಾನಿನವ ಒಂದು ಡಬ್ಬಿ ಕೆದಕಿ, ಧೂಳು ಊದಿ ಕೊಟ್ಟ. ಅರ್ಧ ಚಾರ್ಜ್ ಇದೆ ಎಂದ.
"ಆತಾ ಹೇ ಕೋಣ್ ವಾಪರತೋ, ಶೇಠ?" ಎಂದು ಕೇಳಿದ. ಈಗ ಇದನ್ನು ಯಾರು ಬಳಸುತ್ತಾರೆ ಅಂತ...
ರೊಕ್ಕ ಕೊಟ್ಟು ಹೊರಬಿದ್ದೆ.
ಒಂದು ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ ಅದು, ಸಿದ್ದೂ.

ತಡವಳ ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ನಿನ್ನ ಮುಖ ಸಿಗಲಿಲ್ಲ.

ನಿನ್ನ ಮನೆಯ ಕಟ್ಟೆಯ ಮೇಲೆ ಕೂತಿದ್ದ ಮುದುಕಿಯೊಬ್ಬಳು ನನ್ನನ್ನು ನೋಡಿ,
"ಸೊಲ್ಲಾಪುರದ ದೋಸ್ತ ನೀವಾ ಏನ್ರಿ? ಬ್ಯಾಟ್ರಿ ತರಾವ್ರು?" ಅಂದಳು.
ನಾನು ಹೌದೆಂದು ತಲೆ ಅಲ್ಲಾಡಿಸಿದೆ.
"ನಂದೊಂದ್ ಫೋಟೋ ಹೊಡದಾನ್ರಿ. ಬ್ಯಾಟ್ರಿ ಬಂದ್ ಮ್ಯಾಲ ಕೊಡ್ತೀನಂದಿದ್ದ..."

ಅರ್ಥವಾಗದೆ ಒಳಗೆ ಹೋಗಿ ನಿನ್ನ ಹೆಂಡತಿಯನ್ನು, ವೈನಿಯನ್ನು ಕೇಳಿದೆ.
ಆ ಕ್ಯಾಮೆರಾಕ್ಕೆ ಮೇಲೊಂದು ಸಣ್ಣ ಗಾಜಿನ ಕಿಂಡಿ ಇದೆಯಲ್ಲ, ಕಣ್ಣು ಹಚ್ಚಿ ನೋಡಲು... ಅದಕ್ಕೆ ಬ್ಯಾಟರಿ ಬೇಡ.
"ದಿನಾ ಅದನ್ನ ತಗೊಂಡ ಹೋಗ್ತಿದ್ರು, ಅಣ್ಣಾರ. ಕಿಂಡ್ಯಾಗ ನೋಡೋದು, ಗುಂಡಿ ಒತ್ತೋದು. ಮಂದಿ ನಿಂದರತಿದ್ರು. ಫೋಟೋ ಬರೂದಿಲ್ಲಲ್ಲರಿ ಅಂದ್ರ, ಬ್ಯಾಟ್ರಿ ಬರಲಿ, ಎಲ್ಲಾರದೂ ಮತ್ತ ಹೊಡೀತೀನಿ ಅಂತಿದ್ರು."

"ನನ್ನ ಮ್ಯಾಲ ಸಿಟ್ಟಿತ್ತೇನ್ರಿ, ವೈನಿ?"
"ಇಲ್ರಿ. ಪಾಪ, ಅವಂಗ ದುಕಾನ ಬಿಟ್ಟ ಸರಿಯಾಕ ಆಗಂಗಿಲ್ಲ ಅಂತಿದ್ರು."

ಬೈದಿದ್ದರೆ ಚಲೋ ಇತ್ತು, ಸಿದ್ದೂ. ನಾಲ್ಕು ಮಂದಿಯ ಮುಂದೆ ಬೈದಿದ್ದರೆ...

ನಿನ್ನ ಕಿಸೆಯಿಂದ ತೆಗೆದಿಟ್ಟಿದ್ದ ಕ್ಯಾಮೆರಾ ವೈನಿ ನನ್ನ ಕೈಗೆ ಕೊಟ್ಟರು.
"ತಂದೀರೇನ್ರಿ?"
ತಂದಿದ್ದೆ.
"ಹಾಕ್ರಿ."
ಹಾಕಿದೆ. ಜುಂಯ್ ಎಂದು ಲೆನ್ಸ್ ಹೊರಗೆ ಬಂತು. ಆ ಸದ್ದಿಗೆ ಒಳಗಿದ್ದ ನಿನ್ನ ತಾಯಿ ಎದ್ದು ಬಾಗಿಲಿಗೆ ಬಂದರು.
ಪರದೆಯ ಮೇಲೆ ಫೋಟೋ ಬರಲಿಲ್ಲ. ಬಹಳ ದಿನ ಬ್ಯಾಟರಿ ಇಲ್ಲದೆ ಅದರ ಗಡಿಯಾರ ನಿಂತಿತ್ತು.
"ಏನ್ ಕೇಳಾಕತ್ತೈತ್ರಿ ಅದು?"
"ತಾರೀಖ್ ಹಾಕ್ ಅನ್ನಾಕತ್ತೈತ್ರಿ, ವೈನಿ."
ವೈನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.
"ಇವತ್ತಿನ ತಾರೀಖ್ ಹಾಕಬ್ಯಾಡ್ರಿ, ಅಣ್ಣಾರ..."

ಬಂದ್ ಮಾಡಿ ಇಟ್ಟು ಬಂದೆ. ಅಕ್ಕಲಕೋಟೆ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತ ಇದನ್ನು ಬರೆಯುತ್ತಿದ್ದೇನೆ.
ನೀನು ಕರವಸ್ತ್ರ ಬಿಚ್ಚಿ ಮೊದಲ ಸಲ ಬ್ಯಾಟರಿ ಕೇಳಿದ್ದೆಯಲ್ಲ, ಆ ದಿನದ ತಾರೀಖನ್ನೇ ಹಾಕಬೇಕಿತ್ತು ಅನಿಸುತ್ತಿದೆ.
ನೆನಪಿಸಿಕೊಳ್ಳುತ್ತ ಕೂತಿದ್ದೇನೆ...
ಬರುತ್ತಿಲ್ಲ, ಸಿದ್ದೂ. ಅದೂ ನೆನಪಿಲ್ಲ ನನಗೆ.

ಹೋಗಿ ಬಾ, ದೋಸ್ತ...
ನಿನ್ನ ಜೀವ ತಣ್ಣಗಿರಲಿ. ನನ್ನದು ಇರದಿದ್ದರೂ ನಡೆದೀತು. 🙏