ಮೆಕ್ಕೆಜೋಳದ ಕೋಣೆಯಲ್ಲಿ ಹರಿಹರ ಸ್ಟೇಷನ್

ನನಗೆ ಐವತ್ತೆರಡು ತುಂಬಿದ ವರ್ಷ ದಾವಣಗೆರೆಯ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ರೈಲು ದಾರಿ ಹಾಕಲು ಶುರು ಮಾಡಿದೆ. ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದರು, ಅಷ್ಟು ಗೊತ್ತಿತ್ತು.

ನನ್ನ ಗಂಡನದು ಮೋಟಾರ್ ರಿವೈಂಡಿಂಗ್ ಅಂಗಡಿ. ಸುತ್ತಲಿನ ಹಳ್ಳಿಗಳಿಂದ ಸುಟ್ಟ ಪಂಪ್‌ಸೆಟ್ಟುಗಳು ಬರುತ್ತವೆ. ಅಂಗಡಿಯ ಬೋರ್ಡಿನಲ್ಲಿ ಅವರ ಹೆಸರಿದೆ. ಆದರೆ ಇಪ್ಪತ್ತೈದು ವರ್ಷ ಮನೆಯ ಪಡಸಾಲೆಯಲ್ಲಿ ಕೂತು ತಾಮ್ರದ ತಂತಿಯ ಸುರುಳಿ ಸುತ್ತಿದವಳು ನಾನು. ರೈತರು ಬಂದು ಕೆಲಸ ಗಟ್ಟಿ ಎಂದು ಅವರನ್ನು ಹೊಗಳುವಾಗ ನಾನು ಒಳಗೆ ಚಹಾ ಸೋಸುತ್ತಿದ್ದೆ. ಅದಕ್ಕೆ ಆಗ ಬೇಸರವೇನೂ ಇರಲಿಲ್ಲ. ಬೇಸರ ಬಂದದ್ದು ಆಮೇಲೆ, ನಿಧಾನವಾಗಿ.

ನನ್ನ ತವರು ಹರಿಹರ. ಮನೆಯ ಹಿಂದೆಯೇ ಹಳಿ. ಗೂಡ್ಸ್ ಗಾಡಿಯ ಡಬ್ಬಿಗಳನ್ನು ಬಿಡಿಸಿ ಇನ್ನೊಂದು ಹಳಿಗೆ ಜೋಡಿಸುವುದನ್ನು ನೋಡುತ್ತ ಹಿತ್ತಲಲ್ಲಿ ನಿಂತರೆ ಅವ್ವ ಕರೆದದ್ದೂ ಕೇಳುತ್ತಿರಲಿಲ್ಲ. ಒಮ್ಮೆ ಅಪ್ಪ ತಮ್ಮನನ್ನೂ ನನ್ನನ್ನೂ ಹಳಿಯ ಹತ್ತಿರ ಕರೆದೊಯ್ದ. ಅಲ್ಲಿ ಹಳಿ ಬದಲಿಸುವ ಒಂದು ಕಬ್ಬಿಣದ ಹಿಡಿಕೆ ಇತ್ತು. ಕೆಲಸದವನು ಅಪ್ಪನ ಪರಿಚಯದವನು. ಮಕ್ಕಳು ಕೈ ಇಟ್ಟು ನೋಡಲಿ ಎಂದ. ಅಪ್ಪ ತಮ್ಮನನ್ನು ಮುಂದೆ ತಳ್ಳಿದ. ನನಗೆ, "ನೀನು ಅಲ್ಲೇ ನಿಂದ್ರು, ಲಂಗಕ್ಕೆ ಗ್ರೀಸ್ ಹತ್ತತೈತೆ" ಅಂದ. ತಮ್ಮನಿಗೆ ಅದರಲ್ಲಿ ಆಸಕ್ತಿಯೇ ಇರಲಿಲ್ಲ.

ಮಗಳ ಮದುವೆಯಾಗಿ ಅವಳು ಮಲೆಬೆನ್ನೂರಿಗೆ ಹೋದ ಮೇಲೆ ಮಧ್ಯಾಹ್ನಗಳು ಖಾಲಿಯಾದವು. ಮೊಬೈಲಿನಲ್ಲಿ ಯಾವುದೋ ದೇಶದ ಮುದುಕನೊಬ್ಬ ತನ್ನ ಮನೆಯೊಳಗೆ ಇಡೀ ಒಂದು ಊರನ್ನು ಕಟ್ಟಿ ರೈಲು ಓಡಿಸುವುದನ್ನು ನೋಡಿದೆ. ಅವನ ಭಾಷೆ ತಿಳಿಯಲಿಲ್ಲ. ಹಲಗೆಯ ಕೆಳಗಿನ ವೈರಿಂಗ್ ತೋರಿಸಿದಾಗ ಮಾತ್ರ ಎಲ್ಲವೂ ತಿಳಿಯಿತು. ಇದು ನನ್ನ ಕೈಲೂ ಆಗುತ್ತದೆ ಅನ್ನಿಸಿತು.

ಎಂಜಿನ್ನು, ನಾಲ್ಕು ಡಬ್ಬಿ, ಹಳಿ ಇಷ್ಟನ್ನು ಮೊಬೈಲಿನಲ್ಲೇ ತರಿಸಿದೆ. ಎಂಜಿನ್ನು ನನ್ನ ಅಂಗೈಗಿಂತ ತುಸು ಉದ್ದ. ಉಳಿದದ್ದನ್ನೆಲ್ಲ ಅಂಗಡಿಯ ಕಸದಿಂದ ಮಾಡಿದೆ. ಸುರುಳಿ ಹೊರಬರದಂತೆ ಮೋಟಾರಿನೊಳಗೆ ತುರುಕುವ ಬಿದಿರಿನ ಪಟ್ಟಿಗಳಿಂದ ತುಂಗಭದ್ರೆಯ ಸೇತುವೆ ಆಯಿತು. ಕಲ್ಲುಪುಡಿಯನ್ನು ರವೆ ಜರಡಿಯಲ್ಲಿ ಸೋಸಿ ಹಳಿಗಳ ನಡುವೆ ಗೋಂದು ಹಾಕಿ ಕೂರಿಸಿದೆ. ಗಾಡಿ ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳುವ ಜಾಗಕ್ಕೆ ಪಾಯಿಂಟ್ ಅನ್ನುತ್ತಾರೆ. ಅದನ್ನು ಎಳೆಯುವ ಕಾಯಿಲ್ ನಾನೇ ಸುತ್ತಿದೆ, ಕೂದಲೆಳೆಯಂಥ ತಂತಿಯಲ್ಲಿ. ಮೊದಲನೆಯದು ಸುಟ್ಟಿತು. ಎರಡನೆಯದು ಗುಂಡಿ ಒತ್ತಿದ ಕೂಡಲೇ ಟಕ್ಕೆಂದು ಹಳಿಯನ್ನು ಸರಿಸಿತು. ಆ ಸದ್ದಿಗಾಗಿ ಇಪ್ಪತ್ತು ಸಲವಾದರೂ ಗುಂಡಿ ಒತ್ತಿರಬೇಕು.

ಹಲಗೆಯ ಮೇಲಿನ ನನ್ನ ಹರಿಹರ ಸ್ಟೇಷನ್ನಿನ ಆಚೆ ಗಾಡಿ ತಿರುಗಿ ಬರಲೆಂದು ಹಳಿಯನ್ನು ಕುಣಿಕೆಯಂತೆ ಬಳಸಿದ್ದೆ. ಅಲ್ಲಿಗೆ ಹೋದಾಗಲೆಲ್ಲ ಶಾರ್ಟ್ ಆಗಿ ಗಾಡಿ ನಿಲ್ಲುತ್ತಿತ್ತು. ಎರಡು ದಿನ ತಲೆ ಕೆಡಿಸಿಕೊಂಡೆ. ಹಳಿ ತಿರುಗಿ ಬಂದಾಗ ಎಡದ್ದು ಬಲದ್ದಕ್ಕೆ ಕೂಡುತ್ತದೆ, ಪ್ಲಸ್ಸು ಮೈನಸ್ಸು ಒಂದಾಗುತ್ತವೆ ಎಂದು ಹೊಳೆದದ್ದು ಬಟ್ಟೆ ಹಿಂಡುವಾಗ. ಕುಣಿಕೆಯ ಎರಡೂ ತುದಿಯಲ್ಲಿ ಹಳಿ ಕತ್ತರಿಸಿ, ಮೋಟಾರನ್ನು ಹಿಂದೆಮುಂದೆ ತಿರುಗಿಸುವ ಸ್ವಿಚ್ಚನ್ನು ನಡುವೆ ಹಾಕಿದೆ. ಗಾಡಿ ಸುತ್ತಿ ಬಂತು. ಗಂಡ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಇದು ನನಗ ಹೊಳೀತಿರಲಿಲ್ಲ" ಅಂದರು. ಅವರು ಹಾಗೆ ಒಪ್ಪಿಕೊಂಡದ್ದನ್ನು ನಾನು ಕೇಳಿದ್ದು ಅದೇ ಮೊದಲು.

ತೊಂದರೆ ಬಂದದ್ದು ಸುಗ್ಗಿಗೆ. ಗಂಡನ ಅಣ್ಣ ಹದಡಿಯಲ್ಲಿ ಹೊಲ ಮಾಡುತ್ತಾರೆ. ಪ್ರತಿ ವರ್ಷ ಒಂದಿಷ್ಟು ಮೆಕ್ಕೆಜೋಳದ ಚೀಲಗಳನ್ನು ತಂದು ನಮ್ಮ ಮಹಡಿ ಕೋಣೆಯಲ್ಲಿ ಪೇರಿಸಿ, ಧಾರಣೆ ಏರುವ ತನಕ ಇಡುತ್ತಿದ್ದರು. ಕೋಣೆ ಈ ಸಲ ಖಾಲಿ ಇಲ್ಲ ಎಂದು ಫೋನಿನಲ್ಲೇ ತಿಳಿಸಿದ್ದೆವು. ಅವರು ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಒಂದು ಬೆಳಿಗ್ಗೆ ಟ್ರ್ಯಾಕ್ಟರ್ ಬಾಗಿಲಿಗೆ ಬಂತು. ಭಾವ ನೇರ ಮೇಲೆ ಹತ್ತಿ, ಕೋಣೆ ನೋಡಿ ಕೆಳಗಿಳಿದರು.

"ಏನವ್ವ ಇದು, ಮಕ್ಕಳ ಆಟ. ಎತ್ತಿ ಗ್ವಾಡಿಗೆ ಆನಿಸು, ಚೀಲ ಇಳಸ್ತಾರೆ."

"ಎತ್ತಾಕ ಬರಂಗಿಲ್ರಿ ಭಾವ. ಕೆಳಗೆ ವೈರ್ ಐತೆ."

"ಹಂಗಾರೆ ಬಿಚ್ಚು."

"ಬಿಚ್ಚಲ್ರಿ."

ಮದುವೆಯಾಗಿ ಬಂದಾಗಿನಿಂದ ಅವರ ಎದುರು ನಾನು ಕೂತವಳೂ ಅಲ್ಲ. ಅವರು ನನ್ನನ್ನು ಬಿಟ್ಟು ಗಂಡನ ಕಡೆ ತಿರುಗಿದರು. "ತಮ್ಮ, ನೀನು ಮಾತಾಡು. ಹೆಣ್ಮಗಳು ಈ ವಯಸ್ಸಿನಾಗ ರೈಲು ಆಡ್ತಾಳೆ ಅಂದ್ರೆ ಮಂದಿ ಏನಂತಾರೆ?"

ಗಂಡ ನೆಲ ನೋಡಿದರು. ಹಮಾಲರಿಬ್ಬರು ಆಗಲೇ ಚೀಲ ಬೆನ್ನಿಗೇರಿಸಿದ್ದರು. ನಾನು ಹೋಗಿ ಮೆಟ್ಟಿಲ ಮೇಲೆ ಕೂತೆ, ಮೂರನೆಯ ಮೆಟ್ಟಿಲಲ್ಲಿ, ಗೋಡೆಯಿಂದ ಕಂಬಿಯ ತನಕ ಸೀರೆ ಹರವಿಕೊಂಡು.

"ಮಂದಿ ಏನಾರ ಅನ್ಲಿ ಭಾವ. ಈ ಮನೀಗೆ ಬಂದ ಮೋಟಾರೆಲ್ಲ ಕಟ್ಟಿದ್ದು ಈ ಕೈ. ಆ ದುಡಿಮಿ ಮ್ಯಾಲೆ ಎದ್ದ ಕೋಣಿ ಅದು. ನನಗೆ ಬೇಕು. ಚೀಲ ಅಂಗಡಿ ಹಿಂದಿನ ಶೆಡ್ಡಿಗೆ ಒಯ್ರಿ, ಜಾಗ ಮಾಡಿ ಕೊಡ್ತೀನಿ."

ಹಮಾಲರಲ್ಲಿ ವಯಸ್ಸಾದವನು ಚೀಲವನ್ನು ನೆಲಕ್ಕಿಳಿಸಿ ಬೀಡಿ ಹಚ್ಚಿದ. ಕೊನೆಗೆ ನನ್ನ ಗಂಡ, "ಅಣ್ಣ, ಶೆಡ್ಡಿಗೆ ಹೋಗೋಣ ನಡಿ" ಅಂದರು. ಭಾವ ನೀರು ಕೂಡ ಕುಡಿಯದೆ ಹೋದರು.

ಅದಾಗಿ ಮೂರು ತಿಂಗಳಿಗೆ ಹದಡಿಯಲ್ಲಿ ಅವರ ಹೊಸ ಮನೆಯ ಗೃಹಪ್ರವೇಶ. ಗಂಡನಿಗೆ ಮಾತ್ರ ಫೋನ್ ಬಂತು. ನಾನು ರೇಷ್ಮೆ ಸೀರೆ ಉಟ್ಟು ಜೊತೆಗೆ ಹೊರಟೆ. "ನಿನ್ನ ಕರದಿಲ್ಲಲ್ಲೆ" ಅಂದರು ಗಂಡ. "ಬರಬ್ಯಾಡ ಅಂತಾನೂ ಅಂದಿಲ್ಲ" ಅಂದೆ. ಊಟದ ಸಾಲಿನಲ್ಲಿ ಕೂತಾಗ ಭಾವನ ಬೀಗರ ಪೈಕಿ ಒಬ್ಬರು ಎಲೆಯ ಆಚೆಯಿಂದ ನಗುತ್ತ, "ನೀವು ಮನಿಯಾಗ ರೈಲು ಬಿಡ್ತೀರಂತೆ" ಅಂದರು. ಸುಳ್ಳು ಹೇಳುವವರಿಗೆ ಅನ್ನುವ ಮಾತು ಅದು. ಸಾಲಿಗೆ ಸಾಲೇ ನಕ್ಕಿತು. "ಹೌದ್ರಿ, ಬಿಡ್ತೀನಿ. ಬರ್ರಿ ಒಂದಿನ, ಹತ್ತಿಸ್ಕೊಳ್ಳಾಕ ಆಗಲ್ಲ, ನೋಡಬಹುದು" ಅಂದೆ. ಹೋಳಿಗೆ ಎರಡನೆಯ ಸಲ ಹಾಕಿಸಿಕೊಂಡು ಉಂಡೆ.

ಬಂದದ್ದು ಅವರಲ್ಲ. ಒಂದು ಸೋಮವಾರ ಭಾವನ ಹೆಂಡತಿ, ನನ್ನ ವಾರಗಿತ್ತಿ, ಒಬ್ಬಳೇ ಬಸ್ಸಿಳಿದು ಬಂದಳು. ಕಣ್ಣಿನ ಆಸ್ಪತ್ರೆಗೆ ಎಂದು ಮನೆಯಲ್ಲಿ ಹೇಳಿ ಬಂದಿದ್ದಳು. ಚಹಾ ಬೇಡವೆಂದು ನೇರ ಮೇಲೆ ಹತ್ತಿದಳು. ಗಾಡಿ ಸೇತುವೆ ದಾಟಿ, ಹರಿಹರದಲ್ಲಿ ನಿಂತು, ಕುಣಿಕೆ ಸುತ್ತಿ ಬರುವುದನ್ನು ಮೂರು ಸಲ ನೋಡಿದಳು. ಆಮೇಲೆ ಗಾಡಿಯ ವೇಗ ಹೆಚ್ಚುಕಡಿಮೆ ಮಾಡುವ ತಿರುಗುಗುಂಡಿಯ ಮೇಲೆ ಬೆರಳಿಟ್ಟಳು.

"ನಾನು ತಿರುವಲೇನೆ?"

"ತಿರುವಕ್ಕ. ಹಗೂರಕೆ."

ಅವಳು ಹಗುರಾಗಿ ತಿರುವಲಿಲ್ಲ. ಎಂಜಿನ್ನು ತಿರುವಿನಲ್ಲಿ ಹಳಿ ತಪ್ಪಿ ಹಲಗೆಯಿಂದ ಕೆಳಗೆ ಬಿತ್ತು. ಮುಂದಿನ ಕೊಂಡಿ ಮುರಿಯಿತು. ವಾರಗಿತ್ತಿ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಎಂಜಿನ್ನನ್ನು ಎತ್ತಿ ಅವಳ ಕೈಗೇ ಕೊಟ್ಟೆ. "ಹಳಿ ಮ್ಯಾಲೆ ನೀನೇ ಕೂಡ್ಸಕ್ಕ. ಗಾಲಿ ಎರಡೂ ಕಡೆ ಕೂತಾವಿಲ್ಲ ನೋಡು."

ಮುರಿದ ಕೊಂಡಿಗೆ ತಾಮ್ರದ ತಂತಿಯಲ್ಲಿ ಕೊಕ್ಕೆ ಮಾಡಿದೆ. ಈಗ ಅವಳು ತಿಂಗಳಿಗೆ ಎರಡು ಸಲ ಬರುತ್ತಾಳೆ. ಆಸ್ಪತ್ರೆಯ ನೆಪ ಹೇಳುವುದನ್ನು ನಾಲ್ಕನೆಯ ಸಲಕ್ಕೇ ಬಿಟ್ಟಳು. "ಎಲ್ಲಿಗೆ ಅಂತ ಕೇಳಿದ್ರು. ತಂಗಿ ಮನೀಗೆ, ಗಾಡಿ ಓಡ್ಸಾಕ ಅಂದೆ. ಸುಮ್ಮನಾದ್ರು" ಎಂದಳು. ಭಾವ ಇನ್ನೂ ನನ್ನ ಜೊತೆ ಮಾತಾಡುವುದಿಲ್ಲ. ನಾನೂ ಕಾದು ಕೂತಿಲ್ಲ.

ಹೋದ ವಾರ ಅವಳು ಹಲಗೆಯ ತುದಿಯಲ್ಲಿ ನಿಂತು ಗೋಡೆ ನೋಡುತ್ತಿದ್ದಳು. "ಹದಡಿಗೂ ಒಂದು ಸ್ಟೇಷನ್ ಮಾಡೆ. ನಮ್ಮೂರಾಗಂತೂ ಇಲ್ಲ, ಇಲ್ಲಾದ್ರೂ ಇರ್ಲಿ." ಇಲ್ಲಿ ಜಾಗವಿಲ್ಲ, ಗೋಡೆಯಾಚೆಯ ಸಣ್ಣ ಕೋಣೆಗೆ ಹಳಿ ಹೋಗಬೇಕಾಗುತ್ತದೆ ಅಂದೆ. ಇಬ್ಬರೂ ಸೇರಿ ಪೆನ್ಸಿಲಿನಲ್ಲಿ ಗೋಡೆಗೆ ಗುರುತು ಹಾಕಿದೆವು. ಗಂಡ ಅಂಗಡಿಯಿಂದ ಡ್ರಿಲ್ ತಂದುಕೊಟ್ಟು, ಬಾಗಿಲಲ್ಲೇ ನಿಂತು, "ಅಣ್ಣಗೆ ಗೊತ್ತಾದ್ರೆ?" ಎಂದರು.

"ಗೊತ್ತಾಗ್ಲಿ ಬಿಡಪ್ಪ" ಅಂದಳು ವಾರಗಿತ್ತಿ, ಹಳಿಯ ಮೇಲೆ ಧೂಳು ಬೀಳದಂತೆ ಹಳೆಯ ಸೀರೆ ಹೊದಿಸುತ್ತ.

ನಾನು ಡ್ರಿಲ್ಲನ್ನು ಗುರುತಿನ ಮೇಲಿಟ್ಟು ಒತ್ತಿದೆ.