ಕಾಕಾ ನನಗೆ ಕೊಡದ ಸೆಟ್ಟು

ಕಾಕಾನ ಬಲಗೈ ಹೆಬ್ಬೆರಳು ತುದಿಯಲ್ಲಿ ಚಪ್ಪಟೆಯಾಗಿತ್ತು. ಉಗುರು ಅರ್ಧವೇ ಇತ್ತು, ಅದೂ ಸೊಟ್ಟಗೆ ಬೆಳೆದದ್ದು. ಹಳಿಯಾಳದ ಹತ್ತಿರದ ತಮ್ಮ ಹಳ್ಳಿಯಲ್ಲಿ ಚಿಕ್ಕವರಿದ್ದಾಗ ಚಕ್ಕಡಿಯ ಗಾಲಿಗೆ ಸಿಕ್ಕ ಬೆರಳಂತೆ ಅದು. ಆ ಬೆರಳನ್ನೇ ಗಾಲ್ಫ್ ಕೋಲಿನ ಕಬ್ಬಿಣದ ತಳದ ಮೇಲೆ ಮೆಲ್ಲಗೆ ಎಳೆದು, ಯಾವ ಕಡೆ ಕೂದಲೆಳೆಯಷ್ಟು ಹೆಚ್ಚು ಉಳಿದಿದೆ ಎಂದು ಹೇಳಿಬಿಡುತ್ತಿದ್ದರು. ನಾನು ಕಣ್ಣು ಕಿರಿದು ಮಾಡಿ ನೋಡಿದರೂ ನನಗೇನೂ ಕಾಣುತ್ತಿರಲಿಲ್ಲ.

ಅವರು ನನಗೆ ಸಂಬಂಧದಿಂದ ಕಾಕಾ ಅಲ್ಲ. ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ನಿವೃತ್ತರಾಗಿ, ದಾಂಡೇಲಿಯಲ್ಲೇ ಮನೆ ಮಾಡಿಕೊಂಡು, ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಗಾಲ್ಫ್ ಕೋಲು ದುರಸ್ತಿ ಮಾಡುತ್ತಿದ್ದವರು. ದಾಂಡೇಲಿಯಲ್ಲಿ ಗಾಲ್ಫೇ ಎಂದು ನನ್ನ ಹುಬ್ಬಳ್ಳಿಯ ಬೀಗರು ನಗುತ್ತಾರೆ. ನಗಲಿ. ಕೋಗಿಲಬನದ ಕಡೆ ಹೋಗುವಾಗ ಕಾಳಿ ನದಿಯ ಮಗ್ಗುಲಲ್ಲಿ ಆರು ಕುಣಿಯ ಹಳೆಯ ಮೈದಾನವೊಂದಿದೆ. ಕುಣಿಯ ಸುತ್ತ ಮೆತ್ತನೆಯ ಹುಲ್ಲಿಲ್ಲ, ಎಣ್ಣೆ ಕಲಸಿದ ಉಸುಕು ಹಾಸಿದ್ದಾರೆ. ಮಂಗ ಚೆಂಡು ಎತ್ತಿಕೊಂಡು ಹೋದರೆ ಏನು ಮಾಡಬೇಕು ಎಂಬುದಕ್ಕೆ ಗೋಡೆಯ ಮೇಲೆ ನಿಯಮ ಬರೆದು ಹಾಕಿದ್ದಾರೆ.

ಮರದ ಡಿಪೋದಲ್ಲಿ ಗುಮಾಸ್ತನಾದ ನಾನು ಅಲ್ಲಿಗೆ ಹೋದದ್ದು ಗೆಳೆಯನೊಬ್ಬನ ಜೊತೆ, ಸುಮ್ಮನೆ ನೋಡಲು. ಅವನ ಕೋಲು ತೆಗೆದುಕೊಂಡು ಬೀಸಿದ ಒಂದು ಹೊಡೆತ ಹೇಗೋ ಸರಿಯಾಗಿ ಕೂತು, ಚೆಂಡು ಮತ್ತಿ ಮರದ ಮೇಲಿಂದ ಹಾದು ಹೋಯಿತು. ಅಲ್ಲಿಗೆ ನನ್ನ ಕಥೆ ಮುಗಿಯಿತು. ಮರುದಿನವೇ ಒಂದು ಸೆಟ್ ಕಬ್ಬಿಣದ ಕೋಲು ಕೊಳ್ಳಬೇಕೆಂದು, ಯಾವುದು ಒಳ್ಳೆಯದು ಎಂದು ಕೇಳಲು ಕಾಕಾನ ಶೆಡ್ಡಿಗೆ ಹೋದೆ.

ನಾನು ಮೊಬೈಲಿನಲ್ಲಿ ತೋರಿಸಿದ ಚಿತ್ರಗಳನ್ನೆಲ್ಲ ಅವರು ತಾಳ್ಮೆಯಿಂದ ನೋಡಿದರು. ತೆಳ್ಳಗಿನ, ಕನ್ನಡಿಯಂತೆ ಹೊಳೆಯುವ ಕಬ್ಬಿಣ ನನ್ನಂಥವನಿಗಲ್ಲವಂತೆ. ಹೊಸಬ ಚೆಂಡಿಗೆ ನಡುವಿನಲ್ಲಿ ಹೊಡೆಯುವುದು ಹತ್ತರಲ್ಲಿ ಒಂದು ಸಲ, ಉಳಿದ ಒಂಬತ್ತನ್ನು ಸಹಿಸಿಕೊಳ್ಳುವಂಥದ್ದು ಬೇಕು, ತಳ ದಪ್ಪ ಇರಬೇಕು, ಬೆನ್ನು ಕೊರೆದಿರಬೇಕು ಎಂದರು. ಆಮೇಲೆ ಚಪ್ಪಲಿ ಬಿಟ್ಟು ನೆಟ್ಟಗೆ ನಿಲ್ಲಲು ಹೇಳಿ, ಕಿಸೆಯಿಂದ ಒಂದು ಸುತಳಿ ತೆಗೆದರು. ನನ್ನ ಮಣಿಕಟ್ಟಿನಿಂದ ನೆಲದವರೆಗೆ ಅದನ್ನು ಇಳಿಬಿಟ್ಟು, ಮಣಿಕಟ್ಟು ಬಂದ ಜಾಗದಲ್ಲಿ ಒಂದು ಗಂಟು ಹಾಕಿದರು. ಕಾಕಾನ ಹೆಂಡತಿ, ನಮಗೆಲ್ಲ ಕಾಕು, ಹೊಲಿಗೆ ಮಷಿನ್ನಿನಿಂದ ಕೆಂಪು ದಾರದ ತುಂಡೊಂದನ್ನು ಕೊಟ್ಟರು. ಅದನ್ನು ಗಂಟಿನೊಳಗೆ ಸೇರಿಸಿ ಬಿಗಿದರು. ಆ ಸುತಳಿಯ ಮೇಲೆ ಆಗಲೇ ಹತ್ತಾರು ಗಂಟುಗಳಿದ್ದವು, ಒಬ್ಬೊಬ್ಬರದೂ ಒಂದೊಂದು ಬಣ್ಣ. ದಿನವಿಡೀ ದಿಮ್ಮಿಗಳ ಉದ್ದ, ಸುತ್ತಳತೆ ಬರೆದುಕೊಳ್ಳುವ ನನ್ನನ್ನು ದರ್ಜಿಯೊಬ್ಬನನ್ನು ಬಿಟ್ಟರೆ ಬೇರೆ ಯಾರೂ ಅಳೆದಿರಲಿಲ್ಲ.

"ಈಗ ಅಂಗಡಿಗೆ ಓಡಬ್ಯಾಡ ತಮ್ಮಾ. ಒಂದ ಬಡಿಗಿ ಸಾಕು ನಿನಗ. ಏಳನೇ ನಂಬರ್. ಅದು ನಿನ್ನ ಮಾತು ಕೇಳಾಕ ಹತ್ತಿದ ಮ್ಯಾಲ ಮುಂದಿಂದು ನೋಡೂಣು," ಎಂದರು. ಮೂಲೆಯಲ್ಲಿದ್ದ ಹಳೆಯದೊಂದನ್ನು ನನ್ನ ಕೈಗಿಟ್ಟರು. ಕೋಲನ್ನು ಅವರು ಬಡಿಗಿ ಎಂದೇ ಕರೆಯುತ್ತಿದ್ದುದು.

ಶೆಡ್ಡಿನ ಗೋಡೆಗೆ ಅವರದೇ ಒಂದು ಸೆಟ್ಟು ತೂಗುಹಾಕಿತ್ತು. ಊರು ಬಿಟ್ಟು ಹೋಗುವಾಗ ಯಾರೋ ಸಾಹೇಬರು ಕೊಟ್ಟು ಹೋದದ್ದು. ಎಂಟು ಕೋಲು, ದಪ್ಪ ತಳ, ಕೊರೆದ ಬೆನ್ನು, ಹೊಸಬನಿಗೆ ಏನೇನು ಬೇಕೆಂದು ಅವರು ಹೇಳಿದ್ದರೋ ಎಲ್ಲವೂ ಅದರಲ್ಲಿತ್ತು. ಮಂಡಿನೋವಿನಿಂದ ಅವರು ಆಟ ಬಿಟ್ಟು ವರ್ಷಗಳಾಗಿದ್ದವು. ಏಳನೇ ನಂಬರನ್ನು ಪಳಗಿಸಿದ ದಿನ ಆ ಸೆಟ್ಟು ನನ್ನ ಕೈಗೆ ಬರುತ್ತದೆ ಎಂದು ನಾನು ಮನಸ್ಸಿನಲ್ಲೇ ನಿಶ್ಚಯ ಮಾಡಿಕೊಂಡೆ. ಅವರು ಹಾಗೆ ಹೇಳಿರಲಿಲ್ಲ ಎಂಬುದು ಬೇರೆ ಮಾತು.

ಮೂರು ತಿಂಗಳ ನಂತರ ಹಲ್ಲಿನ ಡಾಕ್ಟರು ಬಂದರು. ಬಂಗೂರನಗರದಲ್ಲಿ ಹೊಸದಾಗಿ ದವಾಖಾನೆ ತೆರೆದಿದ್ದರು. ನನಗಿಂತ ನಾಲ್ಕು ಬೆರಳು ಎತ್ತರ, ನಗುಮುಖ, ಬಿಳಿ ಬೂಟು. ನಾನು ಕೂರುವ ಸ್ಟೂಲಿನ ಮೇಲೆ ಕೂತು ನಾನು ಕೇಳಿದ್ದ ಪ್ರಶ್ನೆಯನ್ನೇ ಕೇಳಿದರು. ಕಾಕಾ ಅವರನ್ನೂ ನಿಲ್ಲಿಸಿ ಅಳೆದರು, ಹಸಿರು ದಾರ ಕಟ್ಟಿದರು. ಗಂಟು ಎಲ್ಲಿ ಬಿತ್ತೆಂದು ನಾನು ಕುತ್ತಿಗೆ ಚಾಚಿದೆ. ಅಷ್ಟರಲ್ಲಿ ಸುತಳಿ ಮಡಚಿ ಕಿಸೆಗೆ ಹಾಕಿಕೊಂಡಿದ್ದರು.

ಮುಂದಿನ ಐತ್ವಾರ ನಾನು ಹೋದಾಗ ಗೋಡೆ ಖಾಲಿಯಾಗಿತ್ತು. ಮೊಳೆಗಳು ಮಾತ್ರ ಇದ್ದವು.

ಕೇಳಬಾರದೆಂದುಕೊಂಡರೂ ಕೇಳಿದೆ. ಕಾಕಾ ಅರದಿಂದ ಕಣ್ಣೆತ್ತದೆ ಹೇಳಿದರು, "ಅವರು ಎತ್ತರ ಅದಾರ. ಆ ಬಡಿಗಿ ಕುತ್ತಿಗಿ ಅವರ ಅಳತಿಗೆ ಕೂಡತೈತಿ. ನಿನಗ ಕೂಡಂಗಿಲ್ಲ. ನಿನಗ ಒಂದೊಂದ ಮಾಡಿ ಕೊಡ್ತೇನಿ, ತಡಿ." ಕೋಲು ಮತ್ತು ಕಬ್ಬಿಣ ಸೇರುವ ಜಾಗಕ್ಕೆ ಕುತ್ತಿಗೆ ಎನ್ನುತ್ತಾರೆ. ಅದರ ಓರೆ ನಮ್ಮ ಅಳತೆಗೆ ಸರಿ ಇದ್ದರೆ ಮಾತ್ರ ತಳ ನೆಲಕ್ಕೆ ಸಮನಾಗಿ ಕೂರುತ್ತದೆ. ಲೆಕ್ಕ ಸರಿಯಾಗಿತ್ತು. ಹೊಟ್ಟೆಯ ಉರಿಗೆ ಲೆಕ್ಕ ಎಲ್ಲಿ ತಿಳಿಯುತ್ತದೆ? ಆ ವಾರ ನನ್ನ ಹಲ್ಲು ನೋಯುತ್ತಿದ್ದರೂ ಡಾಕ್ಟರ ದವಾಖಾನೆಯ ಮೆಟ್ಟಿಲು ಹತ್ತಲಿಲ್ಲ. ಬಸ್ಸು ಹತ್ತಿ ಮುಂಡಗೋಡಿಗೆ ಹೋಗಿ ಕೀಳಿಸಿಕೊಂಡು ಬಂದೆ. ನನ್ನ ಹೆಂಡತಿ ಇದನ್ನು ಇವತ್ತಿಗೂ ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ.

ಆ ವರ್ಷದ ಖಂಡೇಪೂಜೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮಹಾನವಮಿಯ ದಿನ ಮೈದಾನದವರೆಲ್ಲ ತಮ್ಮ ಕೋಲುಗಳನ್ನು ಕಾಕಾನ ಶೆಡ್ಡಿಗೇ ತರುವುದು ರೂಢಿ. ಅವರು ಮಿಂದು, ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಅರ, ಸುತ್ತಿಗೆ, ಗರಗಸಗಳ ಪಕ್ಕದಲ್ಲಿ ಕೋಲುಗಳನ್ನು ಸಾಲಾಗಿ ಒರಗಿಸಿ ಕುಂಕುಮ ಇಡುತ್ತಿದ್ದರು. ಡಾಕ್ಟರ ಎಂಟು ಕೋಲು ನಡುವೆ. ನನ್ನ ಒಂಟಿ ಏಳನೇ ನಂಬರು ತುದಿಯಲ್ಲಿ, ಗರಗಸದ ಮಗ್ಗುಲಿಗೆ. ಡಾಕ್ಟರ ಸೆಟ್ಟಿಗೆ ಒಂದು ಇಡೀ ಚೆಂಡುಹೂವಿನ ಮಾಲೆ ಬಿತ್ತು, ನನ್ನದಕ್ಕೆ ಒಂದು ಹೂವು. ಒಂದು ಕೋಲಿಗೆ ಮಾಲೆ ಹಾಕಲು ಬರುವುದಿಲ್ಲ ಎಂದು ಈಗ ಒಪ್ಪುತ್ತೇನೆ. ಅವತ್ತು ಪ್ರಸಾದ ತಿನ್ನದೆ ಎದ್ದೆ. ಕಾಕಾನ ಬಾಯಲ್ಲಿ ಅವರಿಗೆ 'ಡಾಕ್ಟರ, ಬರ್ರಿ, ಕೂಡ್ರಿ', ನನಗೆ 'ಏ ತಮ್ಮಾ, ನೀರು ತಗೊಂಬಾ'. ಅದನ್ನೂ ಮನಸ್ಸಿನಲ್ಲಿ ಇಟ್ಟುಕೊಂಡೆ.

ದೀಪಾವಳಿಯ ರಜೆಯಲ್ಲಿ ಮನೆಯಲ್ಲಿ ಉಳವಿಗೆ ಹೋಗುತ್ತೇನೆಂದು ಹೇಳಿ ಮಡಗಾವಿಗೆ ಹೋದೆ. ಅಂಗಡಿಯವನ ಮುಂದೆ ಡಾಕ್ಟರ ಸೆಟ್ಟಿನ ಫೋಟೊ ಹಿಡಿದು, ಇಂಥದ್ದೇ ಬೇಕೆಂದೆ. ಯಾರೋ ಬಳಸಿದ್ದ, ಅದೇ ತಯಾರಿಕೆಯ, ಅದೇ ಎಂಟು ಕೋಲಿನ ಸೆಟ್ಟು ಸಿಕ್ಕಿತು. ನನಗೆ ಕೂಡುವುದಿಲ್ಲ ಎಂದು ಕಾಕಾ ಹೇಳಿದ್ದು ನೆನಪಿತ್ತು. ನನಗೆ ಬೇಕಾಗಿದ್ದದ್ದು ಡಾಕ್ಟರ ಹತ್ತಿರ ಇದ್ದದ್ದು.

ಸೆಟ್ಟನ್ನು ಕಾಕಾನ ಮುಂದೆ ಇಟ್ಟೆ. ಅವರು ಐದನೇ ನಂಬರನ್ನು ನನ್ನ ಕೈಗೆ ಕೊಟ್ಟು ನಿಲ್ಲಿಸಿ ನೋಡಿದರು. ತಳ ನೆಲಕ್ಕೆ ಸರಿಯಾಗಿಯೇ ಕೂತಂತೆ ನನಗೆ ಕಂಡಿತು. ಆದರೆ ನನ್ನ ಕಣ್ಣನ್ನು ನಾನೇ ನಂಬುತ್ತಿರಲಿಲ್ಲ. ಅಳತೆ ನನ್ನದಲ್ಲ ಎಂದಿರಲ್ಲ, ಹಾಗಾದರೆ ಕುತ್ತಿಗೆ ಬಗ್ಗಿಸಿ ನನ್ನ ಅಳತೆಗೆ ಮಾಡಿಕೊಡಿ ಎಂದು ಹಟ ಹಿಡಿದೆ. ಇದು ಎರಕದ ಕಬ್ಬಿಣ, ಬಗ್ಗುವ ಜಾತಿಯದಲ್ಲ, ಹೀಗೇ ಇರಲಿ ಬಿಡು ಎಂದು ಎರಡು ಸಲ ಹೇಳಿದರು. ಹೀಗೇ ಹೇಗೆ ಇರುತ್ತದೆ, ನೀವೇ ಕೂಡುವುದಿಲ್ಲ ಎಂದದ್ದು ಎಂದೆ. ಕಾಕಾ ನನ್ನ ಮುಖ ನೋಡಿದರು. ಎದ್ದು ಕೋಲನ್ನು ವೈಸಿನ ಕಬ್ಬಿಣದ ದವಡೆಗೆ ಕಚ್ಚಿಸಿ, ಬಗ್ಗಿಸುವ ಹಿಡಿಕೆ ಹಾಕಿ ಒತ್ತಿದರು. ಎರಡನೆಯ ಒತ್ತಿಗೆ ಟಕ್ಕೆಂದು ಕುತ್ತಿಗೆ ಮುರಿದು ಕಬ್ಬಿಣ ಕೆಳಗೆ ಬಿತ್ತು.

ಅವರ ಕೈಯಲ್ಲಿ ಏನಾದರೂ ಮುರಿದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಸ್ಟೂಲಿನ ಮೇಲೆ ಕೂತು, ಮುರಿದ ತುಂಡನ್ನು ಆ ಚಪ್ಪಟೆ ಹೆಬ್ಬೆರಳಿನಿಂದ ಸವರುತ್ತ ಹೇಳಿದರು, "ತಪ್ಪು ನಂದು ತಮ್ಮಾ. ಬಡಿಗಿದಲ್ಲ." ಕೈ ತಪ್ಪಿತೆಂದು ಬೇಜಾರು ಮಾಡಿಕೊಂಡಿದ್ದಾರೆ ಎಂದು ತಿಳಿದು, ನಾನೇ ಅವರಿಗೆ ಸಮಾಧಾನ ಹೇಳಿದೆ. ಉಳಿದ ಏಳು ಕೋಲನ್ನು ಮನೆಯ ಅಟ್ಟಕ್ಕೆ ಹಾಕಿದೆ.

ಆಮೇಲೆ ಎರಡು ವರ್ಷ, ಒಂದೂ ಐತ್ವಾರ ತಪ್ಪದಂತೆ, ಶೆಡ್ಡಿನಲ್ಲಿ ಕೂತೆ. ಕಾಕಾ ನನಗಾಗಿ ಒಂದೊಂದೇ ಕೋಲು ಕೂಡಿಸಿದರು. ಒಬ್ಬರು ಎಸೆದ ಕಬ್ಬಿಣ, ಇನ್ನೊಬ್ಬರು ಬಿಟ್ಟ ಕೋಲು, ಹೊಸ ಹಿಡಿ. ಒಂದಕ್ಕೊಂದು ಹೋಲುವುದಿಲ್ಲ. ಒಂಬತ್ತನೇ ನಂಬರಿಗೆ ಐದು ತಿಂಗಳು ಹಿಡಿಯಿತು. ಅವರು ಅರ ಹಾಕುವುದು, ನಿಲ್ಲಿಸುವುದು, ಕಾಕು ಕೊಟ್ಟ ಚಹಾ ಬಸಿಗೆ ಸುರುವಿಕೊಂಡು ಕುಡಿಯುವುದು, ಮತ್ತೆ ಎರಡು ಸಲ ಅರ ಹಾಕುವುದು. ಇಷ್ಟು ನಿಧಾನ ಯಾಕೆ ಎಂದರೆ, ಅವಸರ ಮಾಡಿದರೆ ಏನಾಗುತ್ತದೆಂದು ನೋಡಿದಿಯಲ್ಲ ಎಂದು ಗೋಡೆಯ ಕಡೆ ಕೈ ತೋರುತ್ತಿದ್ದರು. ಮುರಿದ ಐದನೇ ನಂಬರಿನ ಕಬ್ಬಿಣ ಅಲ್ಲಿ ಮೊಳೆಗೆ ನೇತಾಡುತ್ತಿತ್ತು. ಕೈ ಬಿಗಿ ಹಿಡಿಯಬೇಡ, ಹಕ್ಕಿಮರಿ ಹಿಡಿದ ಹಾಗೆ ಹಿಡಿ ಎಂದು ಕಲಿಸಿದ್ದು ಅಲ್ಲೇ. ಡಿಪೋದ ಸಾಹೇಬನ ಮೇಲಿನ ಸಿಟ್ಟನ್ನು ಅಲ್ಲೇ ಬಿಟ್ಟು ಮನೆಗೆ ಹೋಗುವುದನ್ನು ಕಲಿತದ್ದೂ ಅಲ್ಲೇ. ಅಷ್ಟರಲ್ಲಿ ಡಾಕ್ಟರು ಮೈದಾನದಲ್ಲಿ ಕಪ್ಪು ಗೆಲ್ಲುತ್ತಿದ್ದರು. ಗೆದ್ದ ಸುದ್ದಿ ಕೇಳಿದಾಗಲೆಲ್ಲ ನನಗೆ ಆ ಖಾಲಿ ಗೋಡೆ ನೆನಪಾಗುತ್ತಿತ್ತು.

ಹಾಗೆ ಕೂಡಿಸಿದ್ದರಲ್ಲಿ ಐದನೆಯ ಕೋಲು ಮುಗಿದ ಮಳೆಗಾಲದಲ್ಲಿ ಕಾಕಾನಿಗೆ ಉಸಿರಿನ ತೊಂದರೆ ಶುರುವಾಯಿತು. ಧಾರವಾಡಕ್ಕೆ ಕರೆದೊಯ್ದರು, ತಿರುಗಿ ಬಂದರು, ಒಂದು ಮುಂಜಾನೆ ಪೂಜೆ ಮುಗಿಸಿ ಕೂತವರು ಹಾಗೇ ಹೋದರು. ಮಣ್ಣು ಮಾಡಲು ಹೊತ್ತೊಯ್ಯುವಾಗ ನಾನೂ ಹೆಗಲು ಕೊಟ್ಟೆ. ಡಾಕ್ಟರೂ ಕೊಟ್ಟರು. ಅಲ್ಲಿಯೂ ಮುಂದಿನ ಹೆಗಲು ಅವರದಾಯಿತು, ಹಿಂದಿನದು ನನ್ನದು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆ ಹೊತ್ತಿನಲ್ಲೂ ನಾನು ಗಮನಿಸಿದ್ದು ಹೌದು.

ತಿಂಗಳ ಮೇಲೆ ಕಾಕುವನ್ನು ಮಾತಾಡಿಸಿ ಬರಲು ಹೋದೆ. ಶೆಡ್ಡಿನಲ್ಲಿ ಸುತಳಿ ಕಾಣಲಿಲ್ಲ. ಅದೊಂದನ್ನು ಕೇಳಿ ಪಡೆಯಬೇಕೆಂಬ ಆಸೆ ನನಗೆ. ಕಾಕು ಹಿತ್ತಲ ಕಡೆ ಬೆರಳು ಮಾಡಿದರು. ಅವರೆ ಬಳ್ಳಿಯನ್ನು ಬೇಲಿಯ ಗೂಟಕ್ಕೆ ಎತ್ತಿ ಕಟ್ಟಿದ್ದರು, ಅದೇ ಸುತಳಿಯಿಂದ. ಬಳ್ಳಿಯ ಎಲೆ ಸರಿಸಿ ಬಣ್ಣಬಣ್ಣದ ಗಂಟುಗಳನ್ನು ಒಂದೊಂದಾಗಿ ನೋಡುತ್ತ ಬಂದೆ. ನೀಲಿ, ಬಿಳಿ, ಹಳದಿ. ನನ್ನ ಕೆಂಪು ಗಂಟು ಸಿಕ್ಕಿತು. ಹಸಿರನ್ನು ಅದಕ್ಕಿಂತ ಮೇಲೆ ಹುಡುಕಿದೆ, ಇರಲಿಲ್ಲ. ಕೆಳಗೆ ಹುಡುಕಿದೆ, ಇರಲಿಲ್ಲ. ಕೆಂಪಿನ ಗಂಟನ್ನು ಮತ್ತೆ ಹಿಡಿದು ನೋಡಿದೆ. ಹಸಿರು ದಾರ ಅದರೊಳಗೇ ಇತ್ತು. ಎರಡಕ್ಕೂ ಒಂದೇ ಗಂಟು. ಡಾಕ್ಟರು ಎತ್ತರ ಹೌದು, ಕೈಗಳೂ ಅಷ್ಟೇ ಉದ್ದ. ಮಣಿಕಟ್ಟಿನಿಂದ ನೆಲಕ್ಕೆ ನಮ್ಮಿಬ್ಬರದೂ ಒಂದೇ ಅಳತೆ.

ಗೋಡೆಯ ಮೇಲಿದ್ದ ಸೆಟ್ಟು ನನಗೂ ಕೂಡುತ್ತಿತ್ತು. ಮಡಗಾವಿನಿಂದ ತಂದದ್ದೂ ಕೂಡುತ್ತಿತ್ತು. ಹೇಳಿದ ಸುಳ್ಳನ್ನು ಉಳಿಸಿಕೊಳ್ಳಲು, ಬಗ್ಗಿಸುವ ಅಗತ್ಯವೇ ಇಲ್ಲದ ಕೋಲನ್ನು ಅವರು ವೈಸಿಗೆ ಹಾಕಿದ್ದರು.

ನಾನು ಗಂಟನ್ನು ಹಿಡಿದುಕೊಂಡೇ ನಿಂತದ್ದನ್ನು ನೋಡಿ ಕಾಕು ಪಕ್ಕಕ್ಕೆ ಬಂದರು. ಅವರಿಗೆ ಎಲ್ಲ ಗೊತ್ತಿತ್ತು.

"ಎಲ್ಲಾ ಬಡಿಗಿ ಒಮ್ಮೆ ಕೈಗೆ ಸಿಕ್ಕ್ರ ಅವ ಮೈದಾನಕ್ಕ ಹೊಕ್ಕಾನ, ಇಲ್ಲಿಗೆ ಯಾಕ ಬರ್ತಾನ ಅಂತಿದ್ರು ಇವರು," ಎಂದರು. "ಡಾಕ್ಟರಿಗೆ ಕೊಟ್ಟ್ರು, ಅವರು ಹ್ವಾದ್ರು. ಐತ್ವಾರ ಬಂತಂದ್ರ ನಿನ್ನ ಸ್ಟೂಲ್ ತಾವ ಒರಸಿ ಇಡ್ತಿದ್ರಪಾ. ನಾ ಒರಸ್ತೇನಿ ಅಂದ್ರೂ ಬಿಡ್ತಿದ್ದಿಲ್ಲ."

ಸಿಟ್ಟು ಬರಬೇಕಿತ್ತು. ಎರಡು ವರ್ಷ ನನ್ನ ಹೊಟ್ಟೆಗೆ ಬೆಂಕಿ ಇಟ್ಟುಕೊಂಡು ತಿರುಗಿದ್ದೆ, ಒಂದು ಹಲ್ಲು ಮುಂಡಗೋಡಿನಲ್ಲಿ ಕಳೆದುಕೊಂಡಿದ್ದೆ. ಆದರೆ ನನ್ನಂಥ ಗುಮಾಸ್ತನೊಬ್ಬ ಬರದೆ ಹೋಗಿಬಿಟ್ಟಾನು ಎಂದು ಹೆದರಿದ ಮನುಷ್ಯ ನನ್ನ ಬದುಕಿನಲ್ಲಿ ಅವರೊಬ್ಬರೇ. ಅವರ ಋಣ ತೀರಿಸುವ ದಾರಿ ನನಗೆ ಗೊತ್ತಿಲ್ಲ. ಸುತಳಿಯನ್ನು ಬಿಚ್ಚಲಿಲ್ಲ. ಬಳ್ಳಿಯಲ್ಲಿ ಇನ್ನೂ ಕಾಯಿ ಇದ್ದವು.

ಈ ಸಲದ ಖಂಡೇಪೂಜೆಗೆ ಎಲ್ಲರೂ ತಮ್ಮ ಕೋಲುಗಳನ್ನು ನಮ್ಮ ಮನೆಗೆ ತಂದರು. ಕಾಕುವನ್ನೂ ಕರೆದುಕೊಂಡು ಬಂದಿದ್ದೆ. ಡಾಕ್ಟರ ಎಂಟನ್ನು ಮಧ್ಯದಲ್ಲೇ ಇಟ್ಟೆ, ಮಾಲೆಯನ್ನೂ ಹಾಕಿದೆ. ಪೂಜೆ ಮುಗಿದ ಮೇಲೆ ಡಾಕ್ಟರು ನನ್ನ ಬೆರಕೆ ಸೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಇವೆಲ್ಲ ಕಾಕಾ ನಿಮಗಾಗಿಯೇ ಮಾಡಿದ್ದಾ ಎಂದು ಕೇಳಿದರು. ಹೌದೆಂದೆ. ಒಂಬತ್ತನೇ ನಂಬರನ್ನು ಎತ್ತಿ, ತಳವನ್ನು ಬೆರಳಿನಿಂದ ಸವರಿದರು. ಎದ್ದು ನಿಂತು ನೆಲಕ್ಕೆ ಇಟ್ಟು ನೋಡಿದರು. ಸರಿಯಾಗಿ, ಕೂದಲೆಳೆಯ ಸಂದಿಲ್ಲದಂತೆ ಕೂತಿತು. ಅವರ ಮುಖದಲ್ಲಿ ಬಂದದ್ದೇನೆಂದು ನನಗಿಂತ ಚೆನ್ನಾಗಿ ಬಲ್ಲವರು ಈ ಊರಿನಲ್ಲಿ ಯಾರೂ ಇಲ್ಲ.

"ಇದನ್ನ ಒಂದ ದಿನ ಆಡಾಕ ಕೊಡ್ತೀರೇನ್ರಿ?" ಎಂದರು.

ನಾನು ಕೈ ಚಾಚಿ ಕೋಲನ್ನು ಮೆಲ್ಲಗೆ ವಾಪಸು ತೆಗೆದುಕೊಂಡೆ. ಕಾಕು ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ನೀವು ಎತ್ತರ ಅದೀರಿ ಡಾಕ್ಟರ," ಎಂದೆ. "ಇದು ನಿಮ್ಮ ಅಳತಿಗೆ ಕೂಡಂಗಿಲ್ಲ."

ಅವರು ನಂಬಿದರು.